ಚಿಕ್ಕ ಮಕ್ಕಳ ವರ್ಷಗಳಲ್ಲಿ ನನಗೆ ಆಸರೆಯಾದ ಯಾತ್ರಾಗೀತೆಗಳು

ಮದುವೆಗೆ ಮುಂಚೆ ಬೆಳಿಗ್ಗೆ ಬೇಗ ಎದ್ದು ಒಂದು ಗಂಟೆ ಸತ್ಯವೇದ, ಅಂದರೆ ಬೈಬಲ್, ಓದಿ ಪ್ರಾರ್ಥನೆ ಮಾಡುವ ಅಭ್ಯಾಸ ನನಗಿತ್ತು. ಮಗಳು ಹುಟ್ಟಿದ ಮೇಲೆ ಅದು ಅರ್ಧಕ್ಕೆ ಇಳಿಯಿತು. ಮಗ ಹುಟ್ಟಿದ ಮೇಲೆ ಹತ್ತು ನಿಮಿಷವೂ ಒಟ್ಟಿಗೆ ಸಿಗಲಿಲ್ಲ. ಮಂಗಳೂರಿನ ಮಳೆಗಾಲ, ಒಣಗದ ಬಟ್ಟೆ, ಒಂದು ಮಗುವಿಗೆ ಶೀತ ಬಂದರೆ ಎರಡನೇ ದಿನಕ್ಕೆ ಇನ್ನೊಂದಕ್ಕೂ ಶೀತ, ಗಂಡನಿಗೆ ಶಿಫ್ಟ್ ಕೆಲಸ. ಈ ವರ್ಷಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಸತ್ಯವೇದದಲ್ಲಿರುವ ಕೀರ್ತನೆಗಳ ಪುಸ್ತಕದ ಒಂದು ಸಣ್ಣ ಭಾಗ, 120ರಿಂದ 134ರ ತನಕ ಇರುವ ಯಾತ್ರಾಗೀತೆಗಳು. ಅವನ್ನು ನಾನು ಹೇಗೆ ಓದಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಪುಟ್ಟ ಮಕ್ಕಳಿರುವ ಅಮ್ಮಂದಿರಿಗೆ ಉಪಯೋಗ ಆಗಬಹುದು, ಅಪ್ಪಂದಿರಿಗೂ.

ಹಬ್ಬಕ್ಕೆ ಯೆರೂಸಲೇಮಿಗೆ ನಡೆದು ಹೋಗುತ್ತಿದ್ದ ಜನ ದಾರಿಯಲ್ಲಿ ಈ ಹಾಡುಗಳನ್ನು ಹಾಡುತ್ತಿದ್ದರು ಅಂತ ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಆ ಗುಂಪುಗಳು ಹೇಗಿರುತ್ತಿದ್ದವು ಅನ್ನುವುದು ಸತ್ಯವೇದದ ಲೂಕ ಪುಸ್ತಕದ 2ನೇ ಅಧ್ಯಾಯ ಓದಿದರೆ ಗೊತ್ತಾಗುತ್ತದೆ. ನೆಂಟರು, ಪರಿಚಯದವರು, ಮಕ್ಕಳು ಎಲ್ಲರೂ ಒಟ್ಟಿಗೆ. ಹನ್ನೆರಡು ವರ್ಷದ ಯೇಸು ಜೊತೆಯಲ್ಲಿಲ್ಲ ಅನ್ನುವುದು ಮರಿಯಳಿಗೂ ಯೋಸೇಫನಿಗೂ ಒಂದು ದಿನದ ದಾರಿ ನಡೆದ ಮೇಲೆ ತಿಳಿಯುವಷ್ಟು ದೊಡ್ಡ ಗುಂಪು ಅದು. ಅಂದರೆ ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು ಇಟ್ಟುಕೊಂಡು ನಡೆಯುವವರ ಬಾಯಲ್ಲಿ ಇದ್ದ ಹಾಡುಗಳು ಇವು. ಬಾಗಿಲು ಹಾಕಿಕೊಂಡು ಸುಮ್ನೆ ಕೂರಲು ಸಮಯ ಇರುವವರಿಗೆ ಮಾತ್ರ ಅಲ್ಲ. ಮತ್ತೆ ಇವು ಬಹಳ ಚಿಕ್ಕವು. 132 ಒಂದನ್ನು ಬಿಟ್ಟರೆ ಯಾವುದೂ ಒಂಬತ್ತು ವಚನ ದಾಟುವುದಿಲ್ಲ, 131, 133, 134ರಲ್ಲಿ ಮೂರು ಮೂರೇ ವಚನ.

ನಾನು ವಾರಕ್ಕೆ ಒಂದು ಅಂತ ಇಟ್ಟುಕೊಂಡೆ. ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಅಡಿಗೆಮನೆಯ ಸಿಂಕಿನ ಮೇಲೆ ಅಂಟಿಸಿದೆ. ಮೊಬೈಲಿನಲ್ಲಿ ಓದಬಹುದಿತ್ತು, ಆದರೆ ಕೈ ಒದ್ದೆ ಇರುತ್ತದೆ, ಮೊಬೈಲ್ ತೆಗೆದರೆ ವಾಟ್ಸಾಪ್ ಕಣ್ಣಿಗೆ ಬೀಳುತ್ತದೆ. ಪಾತ್ರೆ ತೊಳೆಯುವಾಗ, ಗಂಜಿ ಬೇಯುವಾಗ ಜೋರಾಗಿಯೇ ಓದುತ್ತಿದ್ದೆ. ಮಕ್ಕಳು ಕಾಲಿನ ಹತ್ತಿರ ಆಡುತ್ತಾ ಕೇಳುತ್ತಿದ್ದರು. ಒಂದು ವಚನಕ್ಕೆ ನಿಂತುಹೋದರೆ ನಾಳೆ ಅಲ್ಲಿಂದ.

ಮೊದಲು ಬಾಯಿಪಾಠ ಆದದ್ದು 121. ರಾತ್ರಿ ಕತ್ತಲಲ್ಲಿ ಹಾಲು ಕುಡಿಸುವಾಗ ಓದಲು ಆಗುವುದಿಲ್ಲವಲ್ಲ, ಹಾಗಾಗಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರೆ ಮಾಡುವುದಿಲ್ಲ ಅಂತ ಅಲ್ಲಿ ಬರುತ್ತದೆ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡೇ ತೂಕಡಿಸುವ ತಾಯಿಗೆ ಈ ಮಾತು ಎಷ್ಟು ದೊಡ್ಡದು! ನಾನು ಎಚ್ಚರ ಇದ್ದರೂ ಇಲ್ಲದಿದ್ದರೂ ಈ ಮನೆಯನ್ನು ಕಾಯುವವನು ಎಚ್ಚರವಾಗಿದ್ದಾನೆ. 127 ಕೂಡ ಹಾಗೆಯೇ. ಮಗುವಿನ ದೀಕ್ಷಾಸ್ನಾನದ ಕಾರ್ಡಿನಲ್ಲಿ ಜಾಸ್ತಿ ಕಾಣುವುದು ಅದರ ಮೂರನೇ ವಚನ, ಮಕ್ಕಳು ಯೆಹೋವನ ಕೊಡುಗೆ ಅನ್ನುವುದು. ಅದಕ್ಕೂ ಮುಂಚೆ ಎರಡನೇ ವಚನದಲ್ಲಿ, ನಸುಕಿನಲ್ಲಿ ಎದ್ದು ರಾತ್ರಿ ತಡವಾಗಿ ಮಲಗಿ ಒದ್ದಾಡುವುದು ವ್ಯರ್ಥ, ದೇವರು ತನ್ನ ಪ್ರಿಯರಿಗೆ ನಿದ್ರೆ ಕೊಡುತ್ತಾನೆ ಅಂತಲೂ ಇದೆ. ಬಾಣಂತಿಗೆ ಬೇಕಾದದ್ದು ಆ ಎರಡನೇ ವಚನ. ಮಗು ಮಲಗಿದಾಗ ನಾನೂ ಮಲಗುವುದಕ್ಕೆ ಅದು ನನಗೆ ಅಪ್ಪಣೆಯ ಹಾಗಿತ್ತು.

ಆದರೆ ನನಗೆ ತುಂಬಾ ಹತ್ತಿರವಾದದ್ದು 131. ಹಾಲು ಬಿಟ್ಟ ಕೂಸು ತಾಯಿಯ ಹತ್ತಿರ ಇರುವಂತೆ ನನ್ನ ಪ್ರಾಣವನ್ನು ಸಮಾಧಾನ ಮಾಡಿದ್ದೇನೆ ಅಂತ ಬರೆದವನು ಹೇಳುತ್ತಾನೆ. ಆಗ ನಾನು ಮಗಳಿಗೆ ಹಾಲು ಬಿಡಿಸುತ್ತಿದ್ದೆ. ಹಾಲು ಕುಡಿಯುವ ಕೂಸು ತಾಯಿಯ ಮಡಿಲಿಗೆ ಬಂದರೆ ಸುಮ್ನೆ ಕೂರುವುದಿಲ್ಲ, ಹುಡುಕುತ್ತದೆ, ಸಿಗದಿದ್ದರೆ ಅಳುತ್ತದೆ. ಹಾಲು ಬಿಟ್ಟ ಮಗು ಬರುವುದು ಅಮ್ಮ ಬೇಕು ಅಂತ ಮಾತ್ರ. ಆದರೆ ಆ ನೆಮ್ಮದಿಗೆ ಮುಂಚೆ ಎಷ್ಟು ಅಳು, ಎಷ್ಟು ಹಠ, ರಾತ್ರಿ ಎಷ್ಟು ಸಲ ಎದ್ದು ಕೂರುವುದು ಅನ್ನುವುದು ಹಾಲು ಬಿಡಿಸಿದವರಿಗೆ ಗೊತ್ತು. ಈ ಹಾಡಿನವನ ಸಮಾಧಾನವೂ ಅಳದೆ ಬಂದದ್ದಲ್ಲ ಅಂತ ನನಗೆ ಅನಿಸಿತು. ಪ್ರಾರ್ಥನೆಗೆ ಮಾತೇ ಬಾರದ ದಿನ ನಾನು ಏನನ್ನೂ ಕೇಳದೆ ದೇವರ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದೆ. ಅದೂ ಪ್ರಾರ್ಥನೆಯೇ ಅಂತ ಈ ಮೂರು ವಚನಗಳಿಂದ ಕಲಿತೆ.

ಆರಾಧನೆಗೆ ತಪ್ಪಿಸಿಕೊಂಡ ಭಾನುವಾರಗಳ ಬಗ್ಗೆ ಮನಸ್ಸು ಚುಚ್ಚಿದಾಗ 1 ಸಮುವೇಲ 1ನೇ ಅಧ್ಯಾಯ ಓದಿ. ಅತ್ತು ಬೇಡಿ ಮಗನನ್ನು ಪಡೆದ ಹನ್ನ, ಸಮುವೇಲ ಹಾಲು ಬಿಡುವ ತನಕ ಶೀಲೋವಿನ ವಾರ್ಷಿಕ ಆರಾಧನೆಗೆ ಹೋಗಲೇ ಇಲ್ಲ. ಮಗು ಹಾಲು ಬಿಡಲಿ, ಆಮೇಲೆ ಬರುತ್ತೇನೆ ಅಂದಳು. ಗಂಡ ಎಲ್ಕಾನ, ನಿನಗೆ ಸರಿ ಕಂಡ ಹಾಗೆ ಮಾಡು ಅಂದ. ಅವಳ ಭಕ್ತಿ ಕಡಿಮೆ ಅಂತ ಸತ್ಯವೇದ ಎಲ್ಲೂ ಹೇಳುವುದಿಲ್ಲ. ಇದನ್ನು ಗಂಡಂದಿರೂ ಅತ್ತೆಯಂದಿರೂ ಓದಬೇಕು. ನನ್ನ ಅತ್ತೆಗೆ ಹೇಳಿದಾಗ ಅವರು, "ನೀನು ಮನೆಯಲ್ಲೇ ಇರು ಮಗಾ, ನಾನು ದೊಡ್ಡವಳನ್ನು ಸಂಡೇ ಸ್ಕೂಲಿಗೆ ಕರಕೊಂಡು ಹೋಗುತ್ತೇನೆ" ಅಂದರು.

ಆದರೆ ಓದು ಒಂದೇ ಸಾಲದು, ಜನವೂ ಬೇಕು. 1 ಅರಸುಗಳು 19ರಲ್ಲಿ ಎಲೀಯ ಪ್ರವಾದಿ ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಅವನು ಮತ್ತೆ ಮಲಗಿದಾಗ ಮಲಗಲು ಬಿಟ್ಟ. ನಮ್ಮ ಸ್ತ್ರೀಯರ ಕೂಟದ ಇಬ್ಬರು ಆಂಟಿಯರು ನನಗೆ ಮಾಡಿದ್ದು ಅದನ್ನೇ. ಮೀನು ಸಾರು ತಂದು ಕೊಟ್ಟು, ಮಗನನ್ನು ಎತ್ತಿಕೊಂಡು, "ನೀನು ಹೋಗಿ ಸ್ನಾನ ಮಾಡಿ ಮಲಕ್ಕೋ" ಅಂದರು. ಯಾರನ್ನಾದರೂ ಬಾಯಿಬಿಟ್ಟು ಸಹಾಯ ಕೇಳಿ. ಹೆರಿಗೆಯಾದ ಮೇಲೆ ಎರಡು ವಾರ ಕಳೆದರೂ ಅಳು, ಭಯ, ಮಗುವಿನ ಮೇಲೂ ಮನಸ್ಸಿಲ್ಲ ಅನ್ನುವುದು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಂಥವರಿಗೆ ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು ಅಂತ ಹೇಳಿ ಕಳಿಸಬೇಡಿ ದಯವಿಟ್ಟು. ಪ್ರಾರ್ಥನೆಯನ್ನು ಅವರಿಗಾಗಿ ನಾವು ಮಾಡೋಣ, ಅವರನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗೋಣ.

ಈಗ ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದಾರೆ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮಗಳು 133 ಹೇಳುತ್ತಾಳೆ, ಸಹೋದರರು ಒಂದಾಗಿರುವುದು ಎಷ್ಟು ಒಳ್ಳೆಯದು ಅನ್ನುವ ಹಾಡು. ಬಣ್ಣದ ಪೆನ್ಸಿಲಿಗೆ ಜಗಳ ಆದ ದಿನ ಇಬ್ಬರಿಂದಲೂ ಹೇಳಿಸುತ್ತೇನೆ. ಶುರು ಮಾಡುವವರು 120ರಿಂದಲೇ ಹೋಗಬೇಕು ಅಂತಿಲ್ಲ. ರಾತ್ರಿ ನಿದ್ರೆ ಇಲ್ಲದವರು 121 ತೆಗೆದುಕೊಳ್ಳಿ, ಮನಸ್ಸು ಒಣಗಿದೆ ಅನ್ನುವವರು 126. ನೇಗಿಲಿನವರು ನನ್ನ ಬೆನ್ನಿನ ಮೇಲೆ ಉತ್ತರು ಅನ್ನುವ 129ನ್ನು ಮಕ್ಕಳಿಗೆ ಹೇಗೆ ಹೇಳಿಕೊಡುವುದು ಅಂತ ನನಗೆ ಇನ್ನೂ ತಿಳಿದಿಲ್ಲ, ಈ ಭಾನುವಾರ ಸಭಾಪಾಲಕರನ್ನು ಕೇಳಬೇಕು ಅಂತಿದ್ದೇನೆ.