ಕಾಲಪ್ರಯಾಣದ ಕಿರುಚಿತ್ರ: ಕೊಂಡಿ ತಪ್ಪದಂತೆ ಕಥೆ ಹೆಣೆಯುವುದು

ಹದಿನೈದು ನಿಮಿಷದ ಚಿತ್ರಕ್ಕೆ ಹಿಂದಿನ ಕಾಲದಲ್ಲಿ ಒಂದೇ ಬದಲಾವಣೆ ಸಾಕು. ಅದೂ ಸಣ್ಣದಿರಲಿ: 2010ರಲ್ಲಿ ಮೆಜೆಸ್ಟಿಕ್‌ನಲ್ಲಿ ಅಪ್ಪ ಹತ್ತಬೇಕಿದ್ದ ಬಸ್ಸನ್ನು ಮಗ ತಪ್ಪಿಸುತ್ತಾನೆ. ಅಪ್ಪ ಅಪಘಾತದಿಂದ ಉಳಿದರು. ಆ ಸೀಟಿನಲ್ಲಿ ಕೂತವರು ಯಾರು? ಚಿತ್ರ ಶುರುವಾಗುವುದೇ ಇಲ್ಲಿಂದ.

ಪರಿಣಾಮಗಳನ್ನು ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ‘ಆದ್ದರಿಂದ’ ಎಂದು ಓದಿಕೊಂಡು ಹೋಗಿ. ‘ಆಮೇಲೆ’ ಅಂತಷ್ಟೇ ಹೇಳಲು ಬಂದರೆ ಆ ಚೀಟಿ ಕಿತ್ತುಹಾಕಿ. ಮೂರು ಚೀಟಿ ಗಟ್ಟಿಯಾಗಿ ನಿಂತರೆ ಸಾಕು.

ಹೆಚ್ಚಿನ ಚಿತ್ರಕಥೆಗಳು ಕುಸಿಯುವುದು ನೆನಪಿನ ವಿಷಯದಲ್ಲಿ. ಅಪ್ಪ ಬದುಕಿದ್ದರೆ ಮಗ ಹಿಂದಕ್ಕೆ ಹೋಗಲು ಕಾರಣವೇ ಇಲ್ಲವಲ್ಲ! ಹಳೆಯ ಕಾಲ ಅಳಿಸಿಹೋಗುತ್ತದೋ, ಪಕ್ಕದಲ್ಲೇ ಕವಲೊಡೆಯುತ್ತದೋ ಮೊದಲೇ ತೀರ್ಮಾನಿಸಿ, ಐದನೇ ನಿಮಿಷದೊಳಗೆ ಪ್ರೇಕ್ಷಕರಿಗೆ ತೋರಿಸಿ. ನಂತರ ನಿಯಮ ಮುರಿಯಬೇಡಿ.

2010ರ ದೃಶ್ಯಗಳ ಚಿತ್ರೀಕರಣಕ್ಕೆ ಎಂ.ಜಿ. ರಸ್ತೆ ಬೇಡ, ಅಲ್ಲಿ ಮೆಟ್ರೋ ಓಡಿದ್ದು 2011ರ ಅಕ್ಟೋಬರ್‌ನಿಂದ. ಬಸವನಗುಡಿಯ ಒಳರಸ್ತೆ ವಾಸಿ. ಅಲ್ಲೂ ಅಂಗಡಿಯ ತಕ್ಕಡಿ ಪಕ್ಕದ ಕ್ಯೂಆರ್ ಸ್ಟಿಕರ್ ಮುಚ್ಚಿ, ಹಸಿರು ನಂಬರ್ ಪ್ಲೇಟಿನ ಸ್ಕೂಟರ್ ಸರಿಸಿ. ಕಂಡಕ್ಟರ್ ಕೈಯಲ್ಲಿ ನೇರಳೆ ಬಣ್ಣದ 100ರ ನೋಟು ಕಂಡರೆ ಶಾಟ್ ಕೆಟ್ಟಂತೆ, ಅದು ಬಂದಿದ್ದು 2018ರಲ್ಲಿ.