ಖಾಲಿ ಹುದ್ದೆ ತುಂಬುವ ಕಡತ: ಸಿಬ್ಬಂದಿ ಶಾಖೆಯವರಿಗೊಂದು ಕೈಪಿಡಿ

ನೇಮಕಾತಿ ಕೆಟ್ಟಿತೆಂದರೆ ಎಲ್ಲರ ಕಣ್ಣು ಪರೀಕ್ಷಾ ಕೊಠಡಿಯ ಮೇಲೆ ಬೀಳುತ್ತದೆ. ಆದರೆ ವಿಳಂಬದ ಬೀಜ ಎಷ್ಟೋ ಸಲ ಇಲಾಖೆಯಿಂದ ಹೊರಟ ಮೊದಲ ಪ್ರಸ್ತಾವನೆಯಲ್ಲೇ ಇರುತ್ತದೆ. ಹುದ್ದೆ ಖಾಲಿಯಾದರೂ ಕೆಲಸ ಖಾಲಿಯಾಗುವುದಿಲ್ಲ. ಒಬ್ಬ ಗ್ರಾಮ ಆಡಳಿತ ಅಧಿಕಾರಿ ಎರಡು ಮೂರು ವೃತ್ತಗಳ ಪ್ರಭಾರ ಹೊತ್ತಾಗ ಪೌತಿ ಖಾತೆಯ ಅರ್ಜಿ, ಬೆಳೆ ಸಮೀಕ್ಷೆ, ವೃದ್ಧಾಪ್ಯ ವೇತನದ ಪರಿಶೀಲನೆ ಎಲ್ಲವೂ ಒಬ್ಬರಿಗಾಗಿಯೇ ಕಾಯುತ್ತವೆ.

ಆದ್ದರಿಂದ ಈಗ ಖಾಲಿ ಇರುವ ಹುದ್ದೆಗಳ ಜೊತೆಗೆ ಮುಂದಿನ ಎರಡು ವರ್ಷಗಳ ನಿವೃತ್ತಿ ಮತ್ತು ಬಡ್ತಿಗಳನ್ನೂ ಲೆಕ್ಕ ಹಾಕಿ, ಆರ್ಥಿಕ ಇಲಾಖೆಯ ಸಹಮತಿಯನ್ನು ಆಗಲೇ ಕೋರಿರಿ. ಅನಂತರ ವೃಂದ (ಒಂದೇ ಬಗೆಯ ಹುದ್ದೆಗಳ ಗುಂಪು) ಮತ್ತು ನೇಮಕಾತಿ ನಿಯಮಗಳನ್ನು ಹುದ್ದೆಯ ಇಂದಿನ ಕೆಲಸದ ಪಕ್ಕದಲ್ಲಿಟ್ಟು ಓದಿರಿ. ವಿದ್ಯಾರ್ಹತೆಯ ಎದುರು ‘ತತ್ಸಮಾನ’ ಎಂದಷ್ಟೇ ಬರೆದು, ಯಾವುದು ಸಮಾನವೆಂದು ಹೇಳದೆ ಬಿಟ್ಟರೆ ಆ ಒಂದು ಪದವೇ ಆಯ್ಕೆ ಪಟ್ಟಿಯನ್ನು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿಸಬಲ್ಲದು. ರೋಸ್ಟರ್ ಬಿಂದುಗಳನ್ನು, ಅಂದರೆ ಯಾವ ಕ್ರಮಸಂಖ್ಯೆಯ ಹುದ್ದೆ ಯಾವ ಮೀಸಲಾತಿ ವರ್ಗಕ್ಕೆ ಎಂಬುದನ್ನು, ಇಬ್ಬರು ಬೇರೆ ಬೇರೆಯಾಗಿ ಗುರುತಿಸಿ ತಾಳೆ ನೋಡುವುದು ಒಳ್ಳೆಯದು. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ. 80ರಷ್ಟು ಸ್ಥಳೀಯರಿಗೆ ಮೀಸಲಾಗಿರುವುದರಿಂದ, ಆ ವೃಂದದ ಮತ್ತು ಉಳಿಕೆ ಮೂಲ ವೃಂದದ (ರಾಜ್ಯದ ಉಳಿದ ಭಾಗದ) ಹುದ್ದೆಗಳನ್ನು ಪ್ರತ್ಯೇಕವಾಗಿ ತೋರಿಸಬೇಕು. ಅಧಿಸೂಚನೆಯಾದ ಮೇಲೆ ವರ್ಗೀಕರಣ ತಿದ್ದುವುದೆಂದರೆ ಮತ್ತೆ ಮೊದಲಿನಿಂದ ಶುರುಮಾಡಿದಂತೆ.

ಪರೀಕ್ಷೆಯ ಹಂತದಲ್ಲಿ ಅವಸರ ಬಲು ದುಬಾರಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ದೋಷಗಳು ತುಂಬಿದ್ದರಿಂದ ಅದೇ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು, ಅದರಲ್ಲಿಯೂ ತಪ್ಪುಗಳ ದೂರು ಬಂದಿತು. ಪ್ರಶ್ನೆಗಳನ್ನು ಕನ್ನಡದಲ್ಲೇ ಮೊದಲು ಬರೆಸಿ ಇಂಗ್ಲಿಷಿಗೆ ತರುವುದು ನನಗೆ ಸರಿಯೆನಿಸುತ್ತದೆ. ಅಭ್ಯರ್ಥಿ ಮುಂದೆ ವ್ಯವಹರಿಸುವುದು ಕನ್ನಡದ ಅರ್ಜಿಗಳೊಂದಿಗೇ ಅಲ್ಲವೇ? ಅಪ್ರಾಮಾಣಿಕತೆಗೆ ತೆರುವ ಬೆಲೆ ಅನುವಾದದ ತಪ್ಪಿಗೆ ತೆರುವುದಕ್ಕಿಂತ ದೊಡ್ಡದು. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣದಿಂದ ಸರ್ಕಾರ 2022ರಲ್ಲಿ ರದ್ದುಪಡಿಸಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಅಷ್ಟು ಕಾಲ ಆ ಹುದ್ದೆಗಳ ಕೆಲಸ ಇದ್ದವರ ಹೆಗಲ ಮೇಲೆಯೇ ಇತ್ತು.

ಈ ನಡುವೆ ಹೊರಗುತ್ತಿಗೆಯಿಂದ ಕೆಲಸ ಸಾಗಿಸುವ ಆಸೆ ಸಹಜವೇ. ಆದರೆ ಅಂಥ ನೇಮಕಕ್ಕೆ ಅವಧಿಯನ್ನೂ ಕೆಲಸದ ವ್ಯಾಪ್ತಿಯನ್ನೂ ಬರೆದಿಡಿ. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ನಿಯಮಬದ್ಧ ಆಯ್ಕೆಯಿಲ್ಲದೆ ಬಂದ ತಾತ್ಕಾಲಿಕ ನೌಕರರು ಖಾಯಮಾತಿಯನ್ನು ಹಕ್ಕಾಗಿ ಕೇಳಲಾರರೆಂದು ಹೇಳಿತು. ಅದು ತಿಳಿದೂ ಹತ್ತು ವರ್ಷ ದುಡಿಸಿಕೊಳ್ಳುವುದು ಆ ನೌಕರರಿಗೂ ಅನ್ಯಾಯ, ಕಚೇರಿಗೂ ಕುತ್ತು.

ಆಯ್ಕೆ ಪಟ್ಟಿ ಕೈಸೇರಿದ ದಿನವೇ ಸಿಂಧುತ್ವ ಪ್ರಮಾಣಪತ್ರ (ಅಭ್ಯರ್ಥಿಯ ಜಾತಿ ದಾಖಲೆ ಸರಿಯೆಂಬ ದೃಢೀಕರಣ), ಪೊಲೀಸ್ ವರದಿ, ವೈದ್ಯಕೀಯ ತಪಾಸಣೆಗಳ ಪತ್ರಗಳನ್ನು ಒಟ್ಟಿಗೆ ಕಳುಹಿಸಿ, ಒಂದರ ಉತ್ತರ ಬಂದ ಮೇಲೆ ಇನ್ನೊಂದಕ್ಕೆ ಬರೆಯುವ ಪದ್ಧತಿಯನ್ನು ಕೈಬಿಡಿರಿ. ಸ್ಥಳ ನಿಯುಕ್ತಿಯನ್ನು ಕೌನ್ಸೆಲಿಂಗ್ ಮೂಲಕ ಮಾಡಿ, ಹೊಸಬರು ಹಳಬರ ಪಕ್ಕದಲ್ಲಿ ಕುಳಿತು ಕೆಲವು ವಾರ ಕಡತ ನೋಡಿದ ಬಳಿಕವಷ್ಟೇ ಪ್ರಭಾರ ವಹಿಸಿರಿ.