ಒಂಬತ್ತು ಮಕ್ಕಳ ಶಾಲೆಯ ಲೆಕ್ಕ

ಹೊಸನಗರ ತಾಲ್ಲೂಕಿನ ಕ್ಲಸ್ಟರೊಂದಕ್ಕೆ (ಅಕ್ಕಪಕ್ಕದ ಶಾಲೆಗಳ ಗುಂಪು) ನಾನು ಸಿಆರ್‌ಪಿಯಾಗಿ, ಅಂದರೆ ಆ ಶಾಲೆಗಳ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಯಾಗಿ ಬಂದ ಮೊದಲ ವರ್ಷ, ವರ್ಷಾಂತ್ಯದ ಸರಾಸರಿ ಅಂಕಗಳ ಪಟ್ಟಿ ನೋಡಿ ಮೇಲಿದ್ದ ಒಂದು ಶಾಲೆಗೆ ಶಾಲು ಹೊದಿಸಿ ಸನ್ಮಾನಿಸಿದೆವು. ಮರುದಿನ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಕೇಳಿದರು: ‘ಸರ್, ನನ್ನಲ್ಲಿರುವುದು ಒಂಬತ್ತೇ ಮಕ್ಕಳು. ಒಂದು ಮಗು ಹಿಂದೆ ಬಿದ್ದರೆ ಶೇ 11 ಹೋಯಿತು. ಈ ಪಟ್ಟಿಯಲ್ಲಿ ನಾನು ಎಂದಾದರೂ ಮೇಲೆ ಬರುವುದುಂಟೇ?’

ಮಲೆನಾಡಿನಲ್ಲಿ ಇಂಥ ಶಾಲೆಗಳು ಬಹಳ. ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಜುಲೈಯಲ್ಲಿ ಹಳ್ಳ ಏರಿದರೆ ಮಕ್ಕಳನ್ನು ಸಂಕ (ಕಾಲುಸೇತುವೆ) ದಾಟಿಸಲು ದೊಡ್ಡವರೇ ಬರಬೇಕು; ಕೊನೆಕೊಯ್ಲು (ಅಡಿಕೆ ಗೊನೆಗಳ ಕೊಯ್ಲು) ಶುರುವಾದರೆ ಕೆಲವರು ಅಡಿಕೆ ಹೆಕ್ಕಲು ಮನೆಯಲ್ಲೇ ಉಳಿಯುತ್ತಾರೆ.

ಮುಂದಿನ ಜೂನ್‌ನಲ್ಲಿ ಪ್ರತಿ ಮಗುವನ್ನೂ ಪರೀಕ್ಷಿಸಿ, ಅದು ಯಾವ ಮೆಟ್ಟಿಲಲ್ಲಿದೆ ಎಂದು ಬರೆಯಲು ಒಂದು ಚೀಟಿ ಮಾಡಿದೆ. ಓದಿನಲ್ಲಿ ಅಕ್ಷರ, ಪದ, ವಾಕ್ಯ, ಕಥೆ ಎಂದು ನಾಲ್ಕು ಮೆಟ್ಟಿಲು. ಗಣಿತದಲ್ಲಿ ಕೂಡುವುದು, ದಶಕ ಸಹಿತ ಕಳೆಯುವುದು, ಗುಣಿಸುವುದು, ಭಾಗಿಸುವುದು. ಫೆಬ್ರವರಿಯಲ್ಲಿ ಅದೇ ಮಗುವಿಗೆ ಅಷ್ಟೇ ಕಷ್ಟದ ಬೇರೆ ಪಾಠ ಕೊಟ್ಟು, ಎಷ್ಟು ಮೆಟ್ಟಿಲು ಏರಿದೆ ಎಂಬುದನ್ನಷ್ಟೇ ಎಣಿಸಿದೆ. ಈ ವರ್ಷದ ಐದನೇ ತರಗತಿಯನ್ನು ಕಳೆದ ವರ್ಷದ ಐದನೇ ತರಗತಿಯ ಪಕ್ಕ ಇಟ್ಟು ‘ಸುಧಾರಿಸಿದೆ’ ಎನ್ನುವುದನ್ನು ಕೈಬಿಟ್ಟೆ. ಅವರು ಬೇರೆ ಮಕ್ಕಳು.

ಮೊದಲ ಸಲ ಒಂದು ತಪ್ಪಾಯಿತು. ಆಯಾ ಶಾಲೆಯ ಶಿಕ್ಷಕರಿಗೇ ಪರೀಕ್ಷಿಸಲು ಹೇಳಿದ್ದೆ. ಮಗು ‘ಹ’ ಎನ್ನುವಷ್ಟರಲ್ಲಿ ಅಕ್ಕರೆಯಿಂದ ‘ಹಲಸು’ ಎಂದು ಮುಗಿಸಿಕೊಡುವವರಿದ್ದರು. ಮರುವರ್ಷ ಶಿಕ್ಷಕರನ್ನು ಪಕ್ಕದ ಶಾಲೆಗಳಿಗೆ ಅದಲುಬದಲು ಕಳಿಸಿದೆ. ಏರಿಕೆ ಮೊದಲಿನಷ್ಟು ಕಾಣಲಿಲ್ಲ, ಆದರೆ ಫಲಿತಾಂಶವನ್ನು ಯಾರೂ ಪ್ರಶ್ನಿಸಲಿಲ್ಲ.

ಆ ವರ್ಷ ಎಲ್ಲರಿಗಿಂತ ಹೆಚ್ಚು ಏರಿದ್ದು ಆ ಒಂಬತ್ತು ಮಕ್ಕಳೇ. ಶಾಲು, ಹಾರ ಬೇಡವೆನಿಸಿತು. ಮಾರ್ಚ್ ತಿಂಗಳ ಸಮಾಲೋಚನಾ ಸಭೆಯನ್ನೇ ಅವರ ಶಾಲೆಯಲ್ಲಿ ನಡೆಸಿದೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೂ ಅಡುಗೆಯವರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಶಿಕ್ಷಕಿ ಒಂಬತ್ತು ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದು ಮಗುವಿನ ಕಥೆ ಹೇಳಿದರು. ಕೊಯ್ಲಿನ ದಿನಗಳಲ್ಲಿ ಸಂಜೆ ಅಡಿಕೆ ಸುಲಿಯುವ ಅಂಗಳಕ್ಕೇ ಹೋಗಿ ಇಬ್ಬರನ್ನು ಅರ್ಧ ಗಂಟೆ ಓದಿಸಿದ್ದರಂತೆ. ಅದನ್ನು ಅವರು ನನಗೂ ಹೇಳಿರಲಿಲ್ಲ. ಉಳಿದ ಶಾಲೆಗಳವರು ಅದನ್ನು ಬರೆದುಕೊಂಡರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ಕೂಲಿಗೆ ಬಂದ ಕುಟುಂಬಗಳ ಮಕ್ಕಳು ನಡುವರ್ಷದಲ್ಲಿ ಸೇರಿದಾಗ ಅವರಿಗೆ ಜೂನ್‌ನ ಚೀಟಿ ಇರುವುದಿಲ್ಲ. ಲೆಕ್ಕದಿಂದ ಅವರನ್ನು ಬಿಡುವುದು ಸುಲಭ, ಆದರೆ ಅನ್ಯಾಯ. ಈಗ ಸೇರಿದ ವಾರದಲ್ಲೇ ಓದಿಸಿ ನೋಡಿ, ಆ ದಿನಾಂಕವನ್ನೇ ಅವರ ಜೂನ್ ಎಂದು ಬರೆಯುತ್ತೇವೆ.